ಉಂಗುರ ಬೆರಳಿನ ನಡುಕ

ನನ್ನ ಹೆಂಡತಿ ನೀಲಾಂಬಿಕಾ ಕೀಲು-ಮೂಳೆ ವೈದ್ಯಕೀಯದ ಸ್ನಾತಕೋತ್ತರ ಡಿಪ್ಲೊಮಾಕ್ಕೆ ಸೇರಿದ ಮೇಲೆ ನಮ್ಮ ಮನೆಯಲ್ಲಿ ಯಾರ ಕೈಕಾಲೂ ಅವರವರ ಸ್ವಂತದ್ದಾಗಿ ಉಳಿಯಲಿಲ್ಲ. ಅವಳು ಫಿಸಿಯೋಥೆರಪಿಸ್ಟ್. ಎಂಟು ವರ್ಷ ಧಾರವಾಡದ ಆಸ್ಪತ್ರೆಯೊಂದರಲ್ಲಿ ಡಾಕ್ಟರು ಬರೆದುಕೊಟ್ಟ ವ್ಯಾಯಾಮ ಮಾಡಿಸಿ, "ಇದನ್ನ ಯಾಕ ಬರದಾರೋ ಏನೋ" ಎಂದು ಗೊಣಗಿ, ಕೊನೆಗೆ ರೋಗ ಕಂಡುಹಿಡಿಯುವ ವಿದ್ಯೆಯನ್ನೂ ಕಲಿತೇಬಿಡುತ್ತೇನೆಂದು ಹಟ ಹಿಡಿದವಳು. ಕೋರ್ಸಿನ ನಿಯಮದಂತೆ ಎರಡು ವರ್ಷದಲ್ಲಿ ಮುನ್ನೂರು ಕೀಲುಗಳನ್ನು ಪರೀಕ್ಷಿಸಿ ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಮೊದಲ ತಿಂಗಳೇ ನನ್ನ ಎರಡು ಭುಜ, ಎರಡು ಮಂಡಿ, ಕುತ್ತಿಗೆ ಮುಗಿದವು. ಆಮೇಲೆ ನಮ್ಮವ್ವನ ಸರದಿ, ಆಮೇಲೆ ಹಾಲಿನವನದು. ಪಕ್ಕದ ಮನೆಯ ಶೇಷಗಿರಿ ಮಾಸ್ತರರು ಸಕ್ಕರೆ ಕೇಳಲು ಬಂದವರು ಸೊಂಟ ತೋರಿಸಿ ಹೋದರು. ಮತ್ತೆ ಅವರು ಸಕ್ಕರೆ ಕೇಳಲು ಬರಲಿಲ್ಲ.

ನಾನು ಫಕ್ಕೀರೇಶ. ಡಾಕ್ಟರಲ್ಲ, ಯಂತ್ರದವನು. ನೀಲಾ ಓದುತ್ತಿದ್ದ ಸಂಸ್ಥೆಯಲ್ಲೇ ನಿಯಂತ್ರಣ ಕೊಠಡಿ ನೋಡಿಕೊಳ್ಳುತ್ತಿದ್ದೆ. ಅಂದರೆ ಗುರುಗೈಯನ್ನು ನೋಡಿಕೊಳ್ಳುತ್ತಿದ್ದೆ.

ಗುರುಗೈ ಎಂದರೆ ಬಲಗೈಗೆ ಹಾಕಿಕೊಳ್ಳುವ ಒಂದು ತೆಳ್ಳನೆಯ ಬೂದು ಗವಸು. ಅದರ ತುಂಬ ಸ್ಪರ್ಶ ಅಳೆಯುವ ನೂರನಲವತ್ತು ಚುಕ್ಕಿಗಳು. ಅವುಗಳ ನಡುವೆ ವಿದ್ಯುತ್ತು ಹರಿದಾಗ ಹಿಗ್ಗಿ ಕುಗ್ಗುವ ನೂಲುಗಳು. ಹನ್ನೊಂದು ವರ್ಷದ ಹಿಂದೆ ಡಾಕ್ಟರ್ ತವನಪ್ಪ ಮಗದುಮ್ ಎಂಬ ದೊಡ್ಡ ಗುರುಗಳು ಈ ಗವಸು ತೊಟ್ಟು ನಾಲ್ಕು ಸಾವಿರ ಕೀಲುಗಳನ್ನು ಪರೀಕ್ಷಿಸಿದರು. ಅವರ ಬೆರಳು ಎಲ್ಲಿ ಎಷ್ಟು ಒತ್ತಿತು, ಏನು ತಾಗಿತು, ಯಾವ ರೋಗದ ಹೆಸರು ಹೇಳಿದರು ಎಂಬುದೆಲ್ಲ ದಾಖಲಾಯಿತು. ಈಗ ವಿದ್ಯಾರ್ಥಿ ಗವಸು ತೊಟ್ಟು ರೋಗಿಯ ಕೀಲು ಹಿಡಿದರೆ ನೂಲುಗಳು ಆ ಬೆರಳುಗಳನ್ನು ಮೆಲ್ಲಗೆ ಎಳೆದು, ಗುರುಗಳು ಒತ್ತುತ್ತಿದ್ದಲ್ಲೇ ಒತ್ತಿಸುತ್ತವೆ. ಕೈಗೆ ತಾಗಿದ್ದನ್ನು ಹಳೆಯ ನಾಲ್ಕು ಸಾವಿರ ದಾಖಲೆಗಳ ಜೊತೆ ಹೋಲಿಸಿ ಗವಸು ರೋಗದ ಹೆಸರು ಹೇಳುತ್ತದೆ. ವಿದ್ಯಾರ್ಥಿಯ ಬೆರಳು ಅಳುಕಿ ನಡುಗಿದರೆ ಅದನ್ನು ಅದುಮಿ ಹಿಡಿದು, ವರದಿಯಲ್ಲಿ 'ಕೈನಡುಕ' ಎಂದು ಬರೆಯುತ್ತದೆ.

ಸುಳ್ಳು ಯಾಕೆ ಹೇಳಲಿ, ನನಗೆ ಈ ಗವಸಿನ ಮೇಲೆ ಹೆಮ್ಮೆಯಿತ್ತು. ಮೊದಲು ಈ ವಿದ್ಯೆ ಕಲಿಯಲು ಹತ್ತು ವರ್ಷ ಗುರುಗಳ ಬೆನ್ನ ಹಿಂದೆ ನಿಲ್ಲಬೇಕಿತ್ತು. ನಿಂತರೂ ಗುರುಗಳ ಬೆರಳಿಗೆ ಏನು ತಾಗುತ್ತಿದೆ ಎಂದು ಯಾರಿಗೆ ಗೊತ್ತಾಗಬೇಕು? ಗುರುಗೈ ಬಂದ ಮೇಲೆ ಎರಡು ವರ್ಷ ಸಾಕು. ಬೀದರಿನಿಂದ ಚಾಮರಾಜನಗರದವರೆಗೆ ಸಾವಿರದ ನೂರರವತ್ತು ಮಂದಿ ಡಿಪ್ಲೊಮಾ ಪಡೆದು ತಾಲ್ಲೂಕು ಆಸ್ಪತ್ರೆಗಳಲ್ಲಿ ಕುಳಿತಿದ್ದರು. ಅಷ್ಟೂ ಜನರ ಕೈಗಳು ಒಂದೇ ರೀತಿ ಹಿಡಿಯುತ್ತಿದ್ದವು, ಒಂದೇ ರೀತಿ ಒತ್ತುತ್ತಿದ್ದವು. ಅದನ್ನು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತಿತ್ತು.

ಡಿಪ್ಲೊಮಾದ ಕೊನೆಯ ಪರೀಕ್ಷೆಗೆ 'ತಂದ ರೋಗಿ' ಎಂದು ಹೆಸರು. ವಿದ್ಯಾರ್ಥಿ ತಾನು ಆರು ವಾರ ಗಮನಿಸಿದ ಒಬ್ಬ ರೋಗಿಯನ್ನು ಕರೆತಂದು, ಪರೀಕ್ಷಕರ ಎದುರು ಗವಸು ತೊಟ್ಟು ನೋಡಿ, ರೋಗ ಹೇಳಬೇಕು. ಗುರುಗೈಯ ಮಾತಿಗೂ ವಿದ್ಯಾರ್ಥಿಯ ಮಾತಿಗೂ ನೂರಕ್ಕೆ ಎಂಬತ್ತು ಹೊಂದಿಕೆ ಬಂದರೆ ಪಾಸು. ಬಾರದಿದ್ದರೆ ಆರು ತಿಂಗಳ ನಂತರ ಮತ್ತೆ ಕೂರಬೇಕು.

ನೀಲಾ ತನ್ನ ರೋಗಿಯನ್ನು ಹುಡುಕಲು ಎಲ್ಲಿಗೂ ಹೋಗಲಿಲ್ಲ. ಒಂದು ಬೆಳಿಗ್ಗೆ ನಾನು ಚಹಾ ಕುಡಿಯುತ್ತಿದ್ದಾಗ ಬಂದು ಹೇಳಿದಳು. "ಅತ್ತಿಯೋರನ್ನ ಕರ್ಕೊಂಡು ಹೋಗ್ತೀನ್ರಿ. ಅವರ ಬಲಭುಜ ಏಳವಲ್ಲದು."

"ಅವ್ವಂದಾ? ಯಾವಾಗಿನಿಂದ?"

"ಎರಡು ತಿಂಗಳಿಂದ ಅವರ ತುರುಬು ನಾ ಕಟ್ಟಾಕತ್ತೀನಿ. ನೀವು ನೋಡೇ ಇಲ್ಲೇನು?"

ನೋಡಿರಲಿಲ್ಲ. ನಮ್ಮವ್ವ ಬಸಲಿಂಗವ್ವ ನಮ್ಮ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಇನ್ನು ಮೂವರು ಹೆಂಗಸರನ್ನು ಕಟ್ಟಿಕೊಂಡು ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಾಳೆ. ಅವಳ ರೊಟ್ಟಿ ಬಡಿಯುವ ಸದ್ದಿಗೇ ನಾನು ಹುಟ್ಟಿದಾಗಿನಿಂದ ಎದ್ದಿದ್ದೇನೆ. ಎರಡು ತಿಂಗಳಿಂದ ಅವಳು ಹಂಚಿನ ಮುಂದೆ ಕುಳಿತು ಎಡಗೈಯಲ್ಲಿ ರೊಟ್ಟಿ ತಿರುವಿ ಹಾಕುತ್ತಿದ್ದಳಂತೆ, ಬಡಿಯುವವರು ಬೇರೆಯವರಂತೆ. ದಿನವೂ ನೂರನಲವತ್ತು ಚುಕ್ಕಿಗಳ ಲೆಕ್ಕ ಇಡುವವನಿಗೆ ಇದೊಂದು ಕಂಡಿರಲಿಲ್ಲ. ನಾಚಿಕೆಯಾಯಿತು. ಆದರೆ ಅದನ್ನು ಹೇಳಿಕೊಳ್ಳುವ ಬದಲು, "ರೊಟ್ಟಿ ಬಡದೂ ಬಡದೂ ಬಿಗದಿರಬೇಕು" ಎಂದೆ.

"ಹೌದಪಾ, ನೀ ತಿಂದೂ ತಿಂದೂ ನಿನ್ನ ದವಡಿ ಬಿಗೀಲಿಲ್ಲ ನೋಡು" ಎಂದಳು ಹಿತ್ತಲ ಬಾಗಿಲಲ್ಲಿ ನಿಂತಿದ್ದ ಅವ್ವ.

ಇಲ್ಲಿ ಸ್ವಲ್ಪ ವಿದ್ಯೆಯ ಮಾತು ಹೇಳಬೇಕು. ನೀಲಾ ನನಗೆ ಹೇಳಿಕೊಟ್ಟದ್ದು ಇದು. ಯಾವ ಕೀಲನ್ನಾದರೂ ತಿರುಗಿಸುತ್ತ ಹೋದರೆ ಕೊನೆಗೊಂದು ಕಡೆ ಅದು ನಿಲ್ಲುತ್ತದೆ. ಹೇಗೆ ನಿಲ್ಲುತ್ತದೆ ಎಂಬುದರಲ್ಲೇ ರೋಗದ ಗುಟ್ಟು. ಮೊಣಕೈ ನೇರ ಮಾಡಿದರೆ ಮೂಳೆಗೆ ಮೂಳೆ ತಾಗಿ ಟಕ್ಕೆಂದು ನಿಲ್ಲುತ್ತದೆ. ಫ್ರೋಜನ್ ಶೋಲ್ಡರ್, ಅಂದರೆ ಹೆಪ್ಪುಗಟ್ಟಿದ ಭುಜವಾದರೆ, ಹೊಸ ಚಪ್ಪಲಿಯ ಚರ್ಮ ಎಳೆದ ಹಾಗೆ ಬಿಗಿಯಾಗಿ ನಿಲ್ಲುತ್ತದೆ. ಅದನ್ನು ಎಳೆದೆಳೆದೇ ಸಡಿಲಿಸಬೇಕು. ಇನ್ನೊಂದು ಬಗೆ ಇದೆ. ಕೀಲು ಕೊನೆ ಮುಟ್ಟುವ ಮೊದಲೇ ಒಳಗಿನ ಸ್ನಾಯು ಪುಟಿದೆದ್ದು ಹಿಡಿದುಕೊಳ್ಳುತ್ತದೆ. ಒಳಗೆ ಏನೋ ಕೆಟ್ಟದ್ದಿದೆ, ಮುಂದೆ ಬರಬೇಡ ಎಂದು ಮೈಯೇ ಕೊಡುವ ಎಚ್ಚರಿಕೆ ಅದು. ಅಂಥ ಕೀಲನ್ನು ಎಳೆಯಲೇಬಾರದು. ಎಳೆದರೆ ಮೂಳೆಯೇ ಮುರಿಯಬಹುದು.

ನೀಲಾ ಅಭ್ಯಾಸದ ಗವಸು ಮನೆಗೆ ತಂದು ಅವ್ವನ ಭುಜ ನೋಡಿದಳು. ಗುರುಗೈ ಎರಡನೇ ಮಾತಿಲ್ಲದೆ ಹೇಳಿತು: ಹೆಪ್ಪುಗಟ್ಟಿದ ಭುಜ, ಹಳೆಯ ದಾಖಲೆಗಳೊಂದಿಗೆ ಹೊಂದಿಕೆ ನೂರಕ್ಕೆ ತೊಂಬತ್ತಮೂರು. ಚಿಕಿತ್ಸೆ, ವಾರಕ್ಕೆ ಮೂರು ಸಲ ಬಲವಾಗಿ ಎಳೆದು ಬಿಡಿಸುವುದು. ಕೆಳಗೆ ಸಣ್ಣ ಅಕ್ಷರದಲ್ಲಿ, ಕೈನಡುಕ: ಉಂಗುರ ಬೆರಳು, ಕಿರುಬೆರಳು.

ಅವಳು ಗವಸು ಕಳಚಿ ಬರಿಗೈಯಿಂದ ಮತ್ತೊಮ್ಮೆ ಹಿಡಿದಳು. ಹೆಬ್ಬೆರಳು ಮುಂದೆ, ಉಳಿದ ಬೆರಳು ಭುಜದ ಹಿಂದೆ. ಕಣ್ಣು ಮುಚ್ಚಿ ಅವ್ವನ ತೋಳನ್ನು ನಿಧಾನ ಹೊರಕ್ಕೆ ತಿರುಗಿಸಿದಳು. ಅವಳ ಹುಬ್ಬು ಗಂಟಿಕ್ಕಿತು.

"ಈ ಎರಡು ಬೆರಳಿನ ಕೆಳಗ ಏನೋ ಪುಟುಕ್ ಅಂತೈತ್ರಿ. ಗವಸಿನಾಗ ತಿಳಿಯಂಗಿಲ್ಲ."

"ಪುಟುಕ್ ಅನ್ನೋದು ನಿನ್ನ ಬೆರಳು. ವರದಿಯೊಳಗ ಬಂದದಲ್ಲ, ಕೈನಡುಕ ಅಂತ. ಕುಣಿಯಲಾರದಾಕಿ ನೆಲ ಡೊಂಕು ಅಂದಳಂತ."

ತಮಾಷೆಗೆ ಅಂದದ್ದು. ಅವಳು ನಗಲಿಲ್ಲ. ಮರುದಿನದಿಂದ ಚಹಾ ಬಿಟ್ಟಳು. ಚಹಾದಿಂದ ಕೈ ನಡುಗುತ್ತದೆಂದು ಯಾರೋ ಹೇಳಿದರಂತೆ. ರೊಟ್ಟಿಯ ಹಿಟ್ಟು ತುಂಬಿದ ಡಬ್ಬಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನೂರು ಎಣಿಸುವುದನ್ನು ಅಭ್ಯಾಸ ಮಾಡಿದಳು. ವಾರ ಕಳೆದರೂ ವರದಿ ಅದೇ. ಎಳೆದು ಬಿಡಿಸುವ ಚಿಕಿತ್ಸೆಯನ್ನು ಮಾತ್ರ ಒಂದಿಲ್ಲೊಂದು ನೆಪ ಹೇಳಿ ಮುಂದೂಡುತ್ತಲೇ ಇದ್ದಳು. ಪರೀಕ್ಷೆ ಮುಗಿದ ಮೇಲಿನ ಸೋಮವಾರದಿಂದ ಸಂಸ್ಥೆಯವರೇ ಶುರುಮಾಡುತ್ತಾರೆಂದು ಕಾರ್ಡಿನಲ್ಲಿ ಬರೆದಾಯಿತು.

ಪರೀಕ್ಷೆಗೆ ನಾಲ್ಕು ದಿನ ಇರುವಾಗ ಸಂಜೆ ನಾನು ಶೂ ಬಿಚ್ಚುವ ಮೊದಲೇ ಅವಳು ಕುರ್ಚಿ ತೋರಿಸಿದಳು.

"ಅಂಗಿ ತಗೀರಿ."

"ನನ್ನ ಭುಜ ನೋಡಿ ಆಗೇದಲ್ಲ?"

"ತಗೀರಿ ಅಂದ್ನಿ."

ಒಂದು ಕುರ್ಚಿಯಲ್ಲಿ ನಾನು, ಇನ್ನೊಂದರಲ್ಲಿ ಅವ್ವ. ನೀಲಾ ಗವಸು ತೊಟ್ಟು ನನ್ನ ಭುಜ ಒಮ್ಮೆ, ಅವ್ವನ ಭುಜ ಒಮ್ಮೆ, ಹೀಗೆ ಹತ್ತು ಹತ್ತು ಸಲ ತಿರುಗಿಸಿದಳು. ಪ್ರತಿ ಸಲದ ಕೈನಡುಕವನ್ನು ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಳು. ನನ್ನ ಸಾಲಿನಲ್ಲಿ ಹತ್ತೂ ಸೊನ್ನೆ. ಅವ್ವನ ಸಾಲಿನಲ್ಲಿ ಹತ್ತಕ್ಕೆ ಹತ್ತರಲ್ಲೂ ನಡುಕ.

"ನಡುಕ ನಂದಾದ್ರ ನಿಮ್ಮ ಭುಜದಾಗೂ ನಡಗಬೇಕಲ್ರಿ?" ಎಂದಳು. "ನನ್ನ ಬೆರಳು ಮಂದೀ ಮಾರಿ ನೋಡಿ ನಡಗ್ತಾವೇನು?"

ನಾನು ಕ್ಯಾಲೆಂಡರನ್ನು ನೋಡಿದೆ. ಅತ್ತಿತ್ತ ತಿರುಗಿಸಿ ನೋಡಿದೆ.

"ಅತ್ತಿ ಸೊಸಿ ಅಂದ್ರ ನಡಗಬೇಕಾದಾಕಿ ಸೊಸಿ" ಎಂದಳು ಅವ್ವ. "ನಮ್ಮ ಮನ್ಯಾಗ ಉಲ್ಟಾ ಆಗೇತಿ. ಅಂಗಿ ಹಾಕ್ಕೋಪಾ, ಥಂಡಿ ಹತ್ತೀತು."

ಅವತ್ತಿನಿಂದ ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಯಂತ್ರದವನಿಗೆ ಇಂಥ ಹುಳ ಹೊಕ್ಕರೆ ಊಟ ರುಚಿಸುವುದಿಲ್ಲ. ನಿಯಂತ್ರಣ ಕೊಠಡಿಯಲ್ಲಿ ಕೆಲಸದ ನಡುವೆ ಹನ್ನೊಂದು ವರ್ಷದ ಎಲ್ಲ ವಿದ್ಯಾರ್ಥಿಗಳ ಕೈನಡುಕದ ವರದಿಗಳನ್ನು ತೆಗೆದು ಬೆರಳುವಾರು ವಿಂಗಡಿಸಿದೆ. ಹೆಬ್ಬೆರಳು ಎಲ್ಲೋ ಒಂದೊಂದು ಸಲ ನಡುಗಿತ್ತು, ತೋರುಬೆರಳೂ ಹಾಗೆಯೇ. ಉಂಗುರ ಬೆರಳು, ಕಿರುಬೆರಳು ಮಾತ್ರ ನೂರಾರು ಸಲ, ಎರಡೂ ಜೊತೆಯಾಗಿ. ಅವು ಬಲವಿಲ್ಲದ ಬೆರಳುಗಳು, ಅದಕ್ಕೇ ನಡುಗುತ್ತವೆ ಎಂದು ಇಷ್ಟು ವರ್ಷ ನಾನೇ ಎಲ್ಲರಿಗೂ ಹೇಳುತ್ತ ಬಂದಿದ್ದೆ. ಆದರೆ ಒಬ್ಬನೇ ವಿದ್ಯಾರ್ಥಿ ಒಬ್ಬ ರೋಗಿಯ ಹತ್ತಿರ ನಡುಗಿ ಮುಂದಿನ ರೋಗಿಯ ಹತ್ತಿರ ಸ್ಥಿರವಾಗಿದ್ದದ್ದನ್ನು ನಾನು ಯಾವತ್ತೂ ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಗುರುಗಳ ಮೂಲ ದಾಖಲೆಗಳನ್ನು ತೆರೆದೆ. ಯಂತ್ರಕ್ಕೆ ಊಡಿಸುವ ಮೊದಲಿನ ಹಸಿ ದಾಖಲೆ. ನಾಲ್ಕು ಸಾವಿರದಲ್ಲಿ ನಾಲ್ಕು ಸಾವಿರವೂ, ಉಂಗುರ ಬೆರಳು ಮತ್ತು ಕಿರುಬೆರಳಿನ ಸಾಲುಗಳು ಖಾಲಿ. ಒಂದು ಕಡೆಯೂ ಒತ್ತಡವಿಲ್ಲ. ಪಕ್ಕದಲ್ಲಿ ಒಂದು ಟಿಪ್ಪಣಿ: 'ಈ ಎರಡು ಬೆರಳಿನ ಚುಕ್ಕಿಗಳು ಬೆವರಿಗೆ ಕೆಟ್ಟಿವೆ. ನಡುಬೆರಳಿನ ಅಂಕಿಗಳಿಂದ ತುಂಬಲಾಗಿದೆ. ಫಕ್ಕೀರೇಶ.'

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನಿಜವಾಗಿಯೂ ಹೆಗಲು ಮುಟ್ಟಿ ನೋಡಿಕೊಂಡೆ.

ನೆನಪಾಯಿತು. ಆಗ ನನಗೆ ಇಪ್ಪತ್ತಾರು ವರ್ಷ, ಕೆಲಸಕ್ಕೆ ಸೇರಿ ಎರಡು ತಿಂಗಳು. ಖಾಲಿ ಸಾಲು ಕಂಡರೆ ಪಕ್ಕದ ಸಾಲಿನಿಂದ ತುಂಬುವುದು ನಮ್ಮ ಕಸುಬಿನಲ್ಲಿ ದಿನಬಳಕೆಯ ರೂಢಿ. ಡಾಕ್ಟರ್ ಮಗದುಮ್ ಅವರನ್ನು ಕೇಳಿಯೂ ಇದ್ದೆ: "ಸರ್, ಈ ಎರಡು ಬೆರಳಿನ ಚುಕ್ಕಿ ಕೆಟ್ಟಂಗ ಕಾಣಸ್ತಾವ, ನಡುಬೆರಳಿಂದು ಹಾಕಲೇನ್ರಿ?" ಅವರು "ಹಾಕಪಾ" ಅಂದಿದ್ದರು.

ಚುಕ್ಕಿಗಳು ಕೆಟ್ಟಿರಲಿಲ್ಲ. ಅದೇ ಹಳೆಯ ಗವಸು ಬೀರುವಿನಲ್ಲಿತ್ತು, ತೆಗೆದು ನಾನೇ ತೊಟ್ಟು ಮೇಜು ಒತ್ತಿದೆ. ಆ ಎರಡು ಬೆರಳಿನ ಅಷ್ಟೂ ಚುಕ್ಕಿಗಳಿಂದ ಅಂಕಿ ಬಂತು. ಅಂದರೆ ಗುರುಗಳ ಆ ಎರಡು ಬೆರಳು ರೋಗಿಯನ್ನು ಮುಟ್ಟಿಯೇ ಇರಲಿಲ್ಲ. ಭುಜದ ಹಿಂದಿನ ಸ್ನಾಯು ಪುಟಿಯುವುದು ತಿಳಿಯಬೇಕಾದ ಬೆರಳುಗಳು ಅವೇ. ನಾನು ತುಂಬಿದ ಅಂಕಿಗಳಲ್ಲಿ ಪುಟಿತವೇ ಇಲ್ಲ. ಆದ್ದರಿಂದ ವಿದ್ಯಾರ್ಥಿಯ ಬೆರಳಿಗೆ ಅದು ತಾಗಿದಾಗಲೆಲ್ಲ ಗುರುಗೈ ಅದನ್ನು ಅವರದೇ ನಡುಕವೆಂದು ತಿಳಿದು ಅದುಮಿ ಹಾಕುತ್ತಿತ್ತು.

ಒಂದು ಮಾತ್ರ ಅರ್ಥವಾಗಲಿಲ್ಲ. ಆ ನಾಲ್ಕು ಸಾವಿರದಲ್ಲಿ ನಲವತ್ತೊಂದು ಭುಜಗಳಿಗೆ ಗುರುಗಳು, 'ಎಳೆಯಬೇಡಿ, ಸ್ಕ್ಯಾನಿಗೆ ಕಳಿಸಿ' ಎಂದು ಹೇಳಿದ್ದರು. ನಲವತ್ತೊಂದೂ ಸರಿಯಾಗಿತ್ತು. ಬಲಗೈಯ ದಾಖಲೆಯಲ್ಲಿ ಮಾತ್ರ ಅವಕ್ಕೂ ಹೆಪ್ಪುಗಟ್ಟಿದ ಭುಜಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹಾಗಾದರೆ ಅವರಿಗೆ ಗೊತ್ತಾದದ್ದು ಹೇಗೆ?

ಮನೆಗೆ ಬಂದು ನೀಲಾಳಿಗೆ ಹೇಳಿದೆನೆಂದು ನೀವು ಅಂದುಕೊಂಡಿರಬಹುದು. ಹೇಳಲಿಲ್ಲ. ಪರೀಕ್ಷಾರ್ಥಿಗೆ ಯಂತ್ರದ ಒಳಗುಟ್ಟು ಹೇಳಬಾರದೆಂಬ ನಿಯಮವಿತ್ತು, ಆದರೆ ಅದು ನೆಪ. ನಿಜವೆಂದರೆ ಹೆದರಿದ್ದೆ. ಸಾವಿರದ ನೂರರವತ್ತು ಮಂದಿಯ ಪ್ರಮಾಣಪತ್ರದ ಬುಡದಲ್ಲಿ ನನ್ನ ಟಿಪ್ಪಣಿ ಕುಳಿತಿತ್ತು. ನಾನೊಂದು ಲೆಕ್ಕ ಹಾಕಿಕೊಂಡೆ. ನಾಳೆ ನೀಲಾ ಗುರುಗೈ ಹೇಳಿದ್ದನ್ನೇ ಹೇಳಿ ಪಾಸಾಗಲಿ. ಶನಿವಾರ ಅವ್ವನನ್ನು ಬೇರೆ ಊರಿಗೆ ಕರೆದೊಯ್ದು ಸ್ಕ್ಯಾನ್ ಮಾಡಿಸುತ್ತೇನೆ. ಉಳಿದದ್ದನ್ನು ಆಮೇಲೆ ನೋಡೋಣ. ಉಳಿದದ್ದು ಎಂದರೆ ಬೇರೆಯವರ ಅವ್ವಂದಿರು ಎಂದು ಆಗ ನನಗೆ ಹೊಳೆಯಲಿಲ್ಲ.

ಮರುದಿನ ಹತ್ತು ಗಂಟೆಗೆ ಪರೀಕ್ಷೆ. ನಿಯಂತ್ರಣ ಕೊಠಡಿಗೂ ಪರೀಕ್ಷಾ ಕೋಣೆಗೂ ನಡುವೆ ಒಂದು ಗಾಜಿನ ಗೋಡೆ. 'ಗವಸು ಸಿದ್ಧ' ಎಂದು ಹೇಳಲು ನನ್ನ ಮುಂದೊಂದು ಮೈಕು. ಆಚೆ ಸಂಸ್ಥೆಯ ನಿರ್ದೇಶಕಿ ಡಾಕ್ಟರ್ ಮಂದಾಕಿನಿ ಕಟ್ಟಿ, ಅವರ ಪಕ್ಕದಲ್ಲಿ ಹೊರಗಿನ ಪರೀಕ್ಷಕರಾಗಿ ಸ್ವತಃ ಡಾಕ್ಟರ್ ಮಗದುಮ್. ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು. ಬೆಳ್ಳಗಿನ ಕೂದಲು, ಬಲಗೈ ಜೇಬಿನಲ್ಲಿ. ಅವರ ಬಲಗೈ ಯಾವಾಗಲೂ ಜೇಬಿನಲ್ಲೇ ಇರುತ್ತಿತ್ತೆಂಬುದು ನನಗೆ ಆ ಹೊತ್ತು ಹೊಳೆಯಿತು.

ಅವ್ವ ಸ್ಟೂಲಿನ ಮೇಲೆ ಕುಳಿತು ಗವಸನ್ನೂ ಅವರನ್ನೂ ನೋಡಿದಳು. "ನಿಮ್ಮ ಕೈ ಏನ್ರಿ ಈ ಚೀಲದಾಗ ಇರೋದು?"

"ಹೌದ್ರಿ ಅವ್ವಾರ" ಎಂದರು ಮಗದುಮ್. ನಗಲು ನೋಡಿದರು, ಪೂರ್ತಿ ಬರಲಿಲ್ಲ.

ನೀಲಾ ಗವಸು ತೊಟ್ಟು ಅವ್ವನ ತೋಳು ತಿರುಗಿಸಿದಳು. ನನ್ನ ಪರದೆಯ ಮೇಲೆ ಹೆಪ್ಪುಗಟ್ಟಿದ ಭುಜ, ತೊಂಬತ್ತನಾಲ್ಕು, ಕೈನಡುಕ ಎಂದು ಬಂತು. ಇನ್ನು ಅವಳು ಎರಡು ಪದ ಹೇಳಿದರೆ ಸಾಕು, ಎರಡು ವರ್ಷದ ಓದು ಕೈಗೆ ಬರುತ್ತಿತ್ತು. ಹೇಳು ಮಾರಾಯ್ತಿ, ಹೇಳಿ ಮುಗಿಸು ಎಂದು ನಾನು ಗಾಜಿನ ಈಚೆ ಬೇಡಿಕೊಳ್ಳುತ್ತಿದ್ದೆ.

ನೀಲಾ ಗವಸು ಕಳಚಿ ಮೇಜಿನ ಮೇಲಿಟ್ಟಳು.

"ಗುರುಗೈ ಇದನ್ನ ಹೆಪ್ಪುಗಟ್ಟಿದ ಭುಜ ಅಂತದ್ರಿ. ನಾ ಹಂಗ ಹೇಳಂಗಿಲ್ಲ. ಒಳಗ ಸ್ನಾಯು ಪುಟದು ಹಿಡಕೊಳ್ಳಾಕತ್ತೈತಿ. ಮೂಳಿಯೊಳಗ ಏನೋ ಐತಿ, ಏನಂತ ನಂಗ ಗೊತ್ತಿಲ್ಲ. ಸ್ಕ್ಯಾನ್ ಆಗೋತನಕ ಈ ಭುಜ ಯಾರೂ ಎಳೀಬಾರದು. ಸೋಮವಾರದ ಚಿಕಿತ್ಸಾ ನಿಲ್ಲಸ್ರಿ."

ಡಾಕ್ಟರ್ ಮಂದಾಕಿನಿ ಪರದೆ ನೋಡಿದರು. "ನೀಲಾಂಬಿಕಾ, ಹೊಂದಿಕೆ ಮೂವತ್ತೆಂಟಕ್ಕ ಇಳೀತದ. ನಿಮಗ ಕೈನಡುಕ ಬ್ಯಾರೆ ಅದ. ಇನ್ನೊಮ್ಮೆ ವಿಚಾರ ಮಾಡ್ರಿ."

"ಮಾಡೇನ್ರಿ ಮೇಡಂ. ಆರು ವಾರ ಮಾಡೇನಿ." ಅವಳ ದನಿ ನಡುಗಿತು, ಕೈ ನಡುಗಲಿಲ್ಲ. ಅವ್ವನ ಭುಜದ ಮೇಲೆ ಹಾಗೇ ಇತ್ತು.

ನನಗೆ ನನ್ನ ಮೇಲೆ ಅಸಹ್ಯವಾಯಿತು. ಎಲ್ಲ ತಿಳಿದವನು ಗಾಜಿನ ಹಿಂದೆ ಕುಳಿತಿದ್ದೆ. ಏನೂ ತಿಳಿಯದವಳು ಎರಡು ಬೆರಳು ನಂಬಿ ಅಲ್ಲಿ ನಿಂತಿದ್ದಳು. ಮೈಕಿನ ಗುಂಡಿ ಒತ್ತಿದೆ.

"ಅಕೀ ಕೈ ನಡಗಿಲ್ಲ ಮೇಡಂ" ಎಂದೆ. ನನ್ನ ದನಿ ಆ ಕೋಣೆಯಲ್ಲಿ ವಿಪರೀತ ದೊಡ್ಡದಾಗಿ ಕೇಳಿಸಿತು. "ನಡಗಿದ್ದು ನಮ್ಮವ್ವನ ಸ್ನಾಯು. ಗುರುಗೈಯೊಳಗ ಆ ಎರಡು ಬೆರಳಿನ ಅಂಕಿ ಸರ್ ಅವರದಲ್ಲ. ನಾ ತುಂಬಿದ್ದು." ಮೂಲ ದಾಖಲೆಯ ಖಾಲಿ ಸಾಲುಗಳನ್ನೂ ನನ್ನ ಟಿಪ್ಪಣಿಯನ್ನೂ ಅವರ ಪರದೆಗೆ ಕಳಿಸಿದೆ.

ಡಾಕ್ಟರ್ ಮಗದುಮ್ ಪರದೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಅವ್ವನ ಹತ್ತಿರ ಬಂದು, "ಮುಟ್ಲೇನ್ರಿ ಅವ್ವಾರ?" ಎಂದು ಕೇಳಿದರು. ಬಲಗೈ ಜೇಬಿನಿಂದ ಹೊರಬಂತು. ಉಂಗುರ ಬೆರಳು, ಕಿರುಬೆರಳು ಎರಡೂ ಒಳಕ್ಕೆ ಮಡಚಿಕೊಂಡಿದ್ದವು. ಆ ಕೈಯಲ್ಲಿ ಅವ್ವನ ತೋಳು ಹಿಡಿದು, ಎಡಗೈಯನ್ನು ಭುಜದ ಹಿಂದೆ ಚಪ್ಪಟೆಯಾಗಿ ಇಟ್ಟರು. ತೋಳು ಸ್ವಲ್ಪವೇ ತಿರುಗಿಸಿ, ತಟ್ಟನೆ ನಿಲ್ಲಿಸಿದರು.

"ಈ ಹುಡುಗಿ ಹೇಳಿದ್ದು ಖರೆ ಅದ."

ನಲವತ್ತೊಂದು ಭುಜಗಳ ಒಗಟು ನನಗೆ ಆಗ ಬಿಡಿಸಿಕೊಂಡಿತು. ಅವರು ಎಡಗೈಯಿಂದ ತಿಳಿದುಕೊಳ್ಳುತ್ತಿದ್ದರು. ನಾವು ಗವಸು ಹಾಕಿದ್ದು ಬಲಗೈಗೆ.

"ದಾಖಲಾತಿ ಶುರು ಆಗೋಕಿಂತ ವರ್ಷದ ಮೊದಲ ಸ್ಕೂಟರ್ ಮ್ಯಾಲಿಂದ ಬಿದ್ದಿದ್ದೆ" ಎಂದರು ಮಗದುಮ್, ಯಾರ ಮುಖವನ್ನೂ ನೋಡದೆ. "ಮೊಣಕೈ ನರ ಹೋತು, ಎರಡು ಬೆರಳು ಸತ್ತು. ಎಡಗೈಯಿಂದ ಕಲ್ತುಕೊಂಡೆ. ಕೆಲಸ ತಪ್ಪಲಿಲ್ಲ, ಅದಕ್ಕ ಯಾರಿಗೂ ಹೇಳ್ಲಿಲ್ಲ. ರಾಜ್ಯಕ್ಕೆಲ್ಲ ನನ್ನ ಕೈ ಬೇಕು ಅಂದಾಗ ಈ ಕೈ ಅರ್ಧ ಅಂತ ಹೇಳಾಕ ಬಾಯಿ ಬರಲಿಲ್ಲ. ಗವಸೂ ಬಾಗಲ ಮುಚ್ಚಿ ಒಬ್ಬನ ಹಾಕ್ಕೋತಿದ್ದೆ." ಗಾಜಿನ ಕಡೆ ತಿರುಗಿದರು. "ನೀ ಅವತ್ತ ಕೇಳಿದ್ದಿ ತಮ್ಮಾ. ನಾ ಹಾಕಪಾ ಅಂದೆ. ತಪ್ಪು ನಿಂದು ಸಣ್ಣದು."

ಇಬ್ಬರದೂ ಒಂದೇ ಅಳತೆಯದು ಎಂದು ನನಗನ್ನಿಸಿತು. ಅವರಿಗೆ ಗೊತ್ತಿದ್ದೂ ಹೇಳಲಿಲ್ಲ. ನನಗೆ ಖಾಲಿ ಕಂಡರೂ ಯಾಕೆ ಖಾಲಿ ಎಂದು ನೋಡಲಿಲ್ಲ.

ಸ್ಕ್ಯಾನ್ ಆಯಿತು, ಸೂಜಿ ಹಾಕಿ ಪರೀಕ್ಷೆಯೂ ಆಯಿತು. ಅವ್ವನ ಭುಜದ ಮೂಳೆಯಲ್ಲಿ ಕ್ಷಯ. ಶ್ವಾಸಕೋಶದಲ್ಲಿ ಏನೂ ಇಲ್ಲ, ಕೀವೂ ಇಲ್ಲ, ಬಾವೂ ಇಲ್ಲ. ಒಣ ಕ್ಷಯ ಸದ್ದಿಲ್ಲದೆ ಮೂಳೆ ತಿನ್ನುತ್ತ ಕುಳಿತಿತ್ತು. ಹೊರಗಿನಿಂದ ನೋಡಿದರೆ ಥೇಟು ಹೆಪ್ಪುಗಟ್ಟಿದ ಭುಜ. ಸೋಮವಾರ ಬಲವಾಗಿ ಎಳೆದಿದ್ದರೆ ತೋಳಿನ ಮೇಲ್ತುದಿ ಮುರಿದು ಹೋಗುತ್ತಿತ್ತೆಂದು ಡಾಕ್ಟರು ಹೇಳಿದಾಗ ನೀಲಾ ಅಲ್ಲೇ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಅತ್ತಳು. ಆರು ವಾರದಿಂದ ತಡೆದಿಟ್ಟದ್ದು. ನಾನೂ ಅತ್ತೆ. ಅವ್ವ ಇಬ್ಬರನ್ನೂ ನೋಡಿ, "ರೋಗ ನಂಗ ಬಂದೈತಿ, ನಿಮಗೇನಾಗೇತಿ? ಏಳ್ರಿ, ಬಸ್ ತಪ್ಪತೈತಿ" ಎಂದಳು. ವರ್ಷದ ಮಾತ್ರೆ. ಕೈ ಉಳಿಯಿತು.

ನೀಲಾಳ ಫಲಿತಾಂಶವೂ ಬಂತು. ಹೊಂದಿಕೆ ಮೂವತ್ತೆಂಟು, ಅನುತ್ತೀರ್ಣ. ಗುರುಗೈಗಿಂತ ಸರಿ ಹೇಳಿದವರನ್ನು ಪಾಸು ಮಾಡಲು ನಿಯಮಾವಳಿಯಲ್ಲಿ ಜಾಗವೇ ಇರಲಿಲ್ಲ. ಡಾಕ್ಟರ್ ಮಂದಾಕಿನಿ ಮನೆಗೇ ಬಂದು ಕ್ಷಮೆ ಕೇಳಿದರು. ಗುರುಗೈಯನ್ನು ನಿಲ್ಲಿಸಲಾಗಿದೆ, ಎರಡೂ ಕೈಗಳಿಗೆ ಹೊಸ ಗವಸು, ಹತ್ತು ಜನ ಗುರುಗಳ ದಾಖಲಾತಿ, ಆಮೇಲೆ ಮರುಪರೀಕ್ಷೆ ಎಂದರು. ದಾಖಲಾತಿಗೆ ಕೂರುವ ಹತ್ತು ಜನರಲ್ಲಿ ನೀಲಾಳೂ ಒಬ್ಬಳಾಗಲಿ ಎಂದು ಮಗದುಮ್ ಪತ್ರ ಬರೆದಿದ್ದರಂತೆ. "ಅಂದ್ರ ನನ್ನ ಕೈ ಪರೀಕ್ಷಾದಾಗ ಫೇಲು, ಪಾಠ ಹೇಳಾಕ ಪಾಸು" ಎಂದು ನೀಲಾ ನಕ್ಕು, ಮೂರು ತಿಂಗಳ ನಂತರ ಮೊದಲ ಸಲ ಚಹಾ ಮಾಡಿಕೊಂಡಳು.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಬದಲಿಗೆ ಒಂದು ಪಟ್ಟಿ ಕೊಟ್ಟರು. ನಾನೇ ತಯಾರಿಸಿದ ಪಟ್ಟಿ. ಹನ್ನೊಂದು ವರ್ಷದಲ್ಲಿ ಹೆಪ್ಪುಗಟ್ಟಿದ ಭುಜವೆಂದು ಹೇಳಿಸಿಕೊಂಡು, ವರದಿಯ ಕೆಳಗೆ ಆ ಎರಡು ಬೆರಳಿನ ಕೈನಡುಕ ನಮೂದಾಗಿದ್ದ ರೋಗಿಗಳು. ಇನ್ನೂರಹನ್ನೆರಡು ಹೆಸರು. ಒಬ್ಬೊಬ್ಬರಿಗೂ ಫೋನ್ ಮಾಡಿ ಮತ್ತೆ ತಪಾಸಣೆಗೆ ಕರೆಯಬೇಕು.

ಭಾನುವಾರ ಬೆಳಿಗ್ಗೆ ಹಿತ್ತಲಿನ ಕಟ್ಟೆಯ ಮೇಲೆ ಪಟ್ಟಿ ಹರವಿಕೊಂಡು ಕುಳಿತೆ. ಪಕ್ಕದಲ್ಲಿ ಅವ್ವ, ಅವಳ ಹಿಂದೆ ನೀಲಾ ಬಾಚಣಿಗೆ ಹಿಡಿದು. ಮೊದಲ ಹೆಸರು ಕುಷ್ಟಗಿಯ ಹತ್ತಿರದ ಒಬ್ಬ ಹೆಣ್ಣುಮಗಳದು, ಹುಲಿಗೆಮ್ಮ. ಫೋನಿನ ಸ್ಪೀಕರ್ ಹಾಕಿ, ಸಂಸ್ಥೆ ಬರೆದುಕೊಟ್ಟ ಒಕ್ಕಣೆಯನ್ನು ಓದಿದೆ. "ನಮಸ್ಕಾರ, ತಮ್ಮ ಹಿಂದಿನ ಭುಜ ಪರೀಕ್ಷೆಯ ಮರುಪರಿಶೀಲನೆಗೆ ಸಂಬಂಧಿಸಿದಂತೆ..."

"ಆರಾಮ ಅದೀನ್ರಿ, ಏನೂ ಇಲ್ಲ" ಎಂದಿತು ಆಚೆಯ ದನಿ. "ಡಾಕ್ಟರು ಎಳದು ಎಳದು ಬಿಟ್ರು, ಈಗ ಹೋಗೋದ ಬಿಟ್ಟೀನಿ."

ಆರಾಮ ಎಂದು ಬರೆದುಕೊಳ್ಳಲು ಪೆನ್ನು ಎತ್ತಿದ್ದೆ. ಅವ್ವ ಎಡಗೈಯಿಂದ ನನ್ನ ಫೋನು ಕಸಿದುಕೊಂಡಳು.

"ತಂಗೀ, ಹುಲಿಗೆವ್ವಾ, ಆರಾಮ ಅನ್ನೋದು ಅತ್ಲಾಗಿರಲಿ. ನಿನ್ನ ತುರುಬು ಯಾರು ಕಟ್ತಾರ?"

ನೀಲಾಳ ಬಾಚಣಿಗೆ ಅವ್ವನ ಕೂದಲಲ್ಲಿ ಅರ್ಧಕ್ಕೇ ನಿಂತಿತು.

"ಮಗಳು ಕಟ್ತಾಳ್ರಿ" ಎಂದಳು ಹುಲಿಗೆಮ್ಮ. "ಎರಡು ವರ್ಷ ಆತು. ಯಾರೂ ಕೇಳಿದ್ದಿಲ್ಲ."

ಪಟ್ಟಿಯ ಮೊದಲ ಹೆಸರಿನ ಮುಂದೆ ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡು, ಕುಷ್ಟಗಿಯಿಂದ ಧಾರವಾಡಕ್ಕೆ ಬೆಳಗಿನ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದೆ.